ಸಿಹಿಯಾಗದ ಕಟ್ಟಿಗೆ

ಗಾಜಿನ ನಳಿಕೆಯಲ್ಲಿದ್ದ ದ್ರಾವಣ ನೀಲಿಯಾಗಿಯೇ ಉಳಿಯಿತು.

ಡಾಕ್ಟರ್ ಕಸ್ತೂರಿ ಅಂಗಡಿಯವರು ಅದನ್ನು ಇನ್ನೊಮ್ಮೆ ದೀಪದ ಮೇಲೆ ಹಿಡಿದರು. ಕುದಿಯಿತು. ಆದರೂ ನೀಲಿ! ಕಟ್ಟಿಗೆ ಹೊಟ್ಟು ನೆನೆದ ಡ್ರಮ್ಮಿನ ನೀರಿನಲ್ಲಿ ಸಕ್ಕರೆ ಇದ್ದಿದ್ದರೆ ಆ ಬಣ್ಣ ಹಸಿರಿಗೆ ತಿರುಗಿ, ಕೊನೆಗೆ ಇಟ್ಟಿಗೆಯ ಹಾಗೆ ಕೆಂಪಾಗಬೇಕಿತ್ತು.

"ಹೋದ ವಾರ ಕೆಂಪಾಗಿತ್ತಲ್ರಿ?" ಎಂದೆ ನಾನು.

"ಪ್ರತಿ ಸಲ ಆಗೇತ್ರಿ. ಇವತ್ತೊಂದ ಆಗಿಲ್ಲ." ಅವರು ನಳಿಕೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. "ನಾಳೆ ಮಧ್ಯಾಹ್ನ ರೊಕ್ಕ ಕೊಡೂ ದಿಲ್ಲಿ ಮಂದಿ ನೋಡಾಕ ಬರತಾರ, ಮಾಸ್ತರ್. ಇವತ್ತ ಹಿಂಗಾತು!"

ಅದು 1986ರ ಜನವರಿ. ಕಲಘಟಗಿಯಿಂದ ಅಳ್ನಾವರದ ಕಡೆಗೆ ಹೋಗುವ ರಸ್ತೆಯ ಬದಿಗೆ ಒಂದು ಹಳೆಯ ಭತ್ತದ ಗೋದಾಮು. ಅದರೊಳಗೆ ಡಾಕ್ಟರ್ ಕಸ್ತೂರಿ ಕಟ್ಟಿಗೆಯಿಂದ ಸಕ್ಕರೆ ತೆಗೆಯುವ ಪ್ರಯೋಗ ನಡೆಸಿದ್ದರು. ಧಾರವಾಡದವರು. ರಸಾಯನಶಾಸ್ತ್ರದ ಡಾಕ್ಟರೇ ಹೊರತು ರೋಗಿಗಳ ಡಾಕ್ಟರಲ್ಲ. ಆದರೂ ಊರಿನವರು ಜ್ವರ ಬಂದ ಮಕ್ಕಳನ್ನು ಎತ್ತಿಕೊಂಡು ಬರುವುದನ್ನು ಬಿಟ್ಟಿರಲಿಲ್ಲ. ನಾನು ಊರಿನ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಶಾಲೆಯ ಸ್ಪಿರಿಟ್ ದೀಪವನ್ನು ಅವರಿಗೆ ಎರವಲು ಕೊಟ್ಟ ನೆಪದಲ್ಲಿ ದಿನಾ ಬೆಳಿಗ್ಗೆ ಹೋಗಿ ಮೂಗು ತೂರಿಸುತ್ತಿದ್ದೆ. ಕಟ್ಟಿಗೆ ಸಿಹಿಯಾಗುವುದನ್ನು ನೋಡುವ ಭಾಗ್ಯ ಎಷ್ಟು ಮಂದಿಗೆ ಸಿಗುತ್ತದೆ ಹೇಳಿ!

"ಮೇಡಂ, ನಾನು ಹೇಳಬಾರದು ಅಂತಿದ್ದೆ—" ಎಂದು ಮೆಲ್ಲಗೆ ಬಾಯಿ ಬಿಟ್ಟವನು ಅವರ ಸಹಾಯಕ ಈರಬಸಪ್ಪ. ಬಿ.ಎಸ್ಸಿ. ಪಾಸಾದ ಹುಡುಗ, ಇಸ್ತ್ರಿ ಮುರಿಯದ ಅಂಗಿ. "ನಿನ್ನಿ ಡ್ರಮ್ಮಿಗೆ ಹಾಕೂ ಹೆಪ್ಪಿನ ಕ್ಯಾನು ತೊಳದದ್ದು ಫಕೀರವ್ವ. ಅಕಿ ಕೈಯಾಗ ಯಾವಾಗಲೂ ಸುಣ್ಣ. ಆ ಸುಣ್ಣ ಕ್ಯಾನಿನ್ಯಾಗ ಉಳದಿದ್ರ?"

ಮೂಲೆಯಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಗೋದಾಮಿನ ಕೂಲಿಯಾಳು ಫಕೀರವ್ವ ತಲೆ ಎತ್ತಿದಳು.

"ಏನ ಮಾತಾಡ್ತಿಯೋ ಈರ್ಯಾ? ನಾ ಮೂರು ನೀರಾಗ ತೊಳದು, ಬಾಯಿ ಕೆಳಗ ಮಾಡಿ ಬಿಸಲಿಗೆ ಡಬ್ಬ ಹಾಕಿದ್ದೆ!"

"ಮತ್ತ ಹೆಪ್ಪು ಹೆಂಗ ಕೆಡ್ತು?"

ರಾತ್ರಿ ನಿದ್ದೆಗೆಟ್ಟಿದ್ದ ಡಾಕ್ಟರ್ ಕಸ್ತೂರಿ ಹಣೆ ಒತ್ತಿಕೊಂಡರು. "ಫಕೀರವ್ವ, ನೀ ಇವತ್ತ ಮನೀಗೆ ಹೋಗು. ನಾಳೆ ಮಂದಿ ಬಂದು ಹೋಗಲಿ. ಆಮ್ಯಾಲ ಹೇಳಿ ಕಳಸ್ತೀನಿ."

ಹೇಳಿ ಕಳಿಸುತ್ತೇನೆ ಎಂದರೆ ಬರಬೇಡ ಎಂದು ಅರ್ಥ. ಫಕೀರವ್ವ ಬುಟ್ಟಿಯನ್ನು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ನನಗೆ ಕೆಡುಕೆನಿಸಿತು. ಫಕೀರವ್ವನ ಕೈಗುಣ ಊರಿಗೇ ಗೊತ್ತು. ಮದುವೆ ಮನೆಗಳಲ್ಲಿ ಶಾವಿಗೆ ಹೊಸೆಯಲು ಅವಳೇ ಬೇಕು, ಕೊಪ್ಪರಿಗೆ ಹಾಲಿಗೆ ಹೆಪ್ಪು ಹಾಕಲು ಅವಳೇ ಬೇಕು. ಅಂಥವಳ ಕೈಯಿಂದ ಹೆಪ್ಪು ಕೆಟ್ಟಿತು ಎಂಬ ಮಾತು ಒಮ್ಮೆ ಓಣಿಗೆ ಬಿದ್ದರೆ ಮುಗಿಯಿತು. ಯಾವ ಮನೆಯವರು ಅವಳನ್ನು ಒಳಗೆ ಕರೆಯುತ್ತಾರೆ?

ನಾನು ಸೈಕಲ್ ಹತ್ತಿ ನೇರವಾಗಿ ಹೊಳೆಯಪ್ಪನವರ ಮನೆಗೆ ಹೋದೆ.

ಹೊಳೆಯಪ್ಪನವರು ನಿವೃತ್ತ ಅಬಕಾರಿ ಇನ್ಸ್‌ಪೆಕ್ಟರು. ಗುಡ್ಡದ ಆಚೆ ಕಳ್ಳಭಟ್ಟಿಗೆ ಉರಿ ಹಾಕಿದರೆ ಈಚೆ ಮೂಗು ಅರಳಿಸುತ್ತಿದ್ದ ಮನುಷ್ಯ. ಈಗ ಹಿಡಿಯಲು ಕಳ್ಳರಿಲ್ಲದೆ ಹಿತ್ತಲಿನ ಬದನೆಗಿಡದ ಹುಳು ಹಿಡಿಯುತ್ತಿದ್ದರು.

"ನೀರು ಹಂಗ ಐತಿ, ಕಟಗಿ ಹಂಗ ಐತಿ, ಸಿಹಿ ಒಂದ ಇಲ್ಲ ಅಂತೀರಿ?" ಅವರು ಕೈ ಕೊಡವಿಕೊಂಡು ಎದ್ದರು. "ಭಾಳ ಚಲೋ ಕಳುವು, ಮಾಸ್ತರ್. ನಡೀರಿ, ಹೋಗೂಣು."

ಗೋದಾಮಿಗೆ ಬಂದವರೇ ಡ್ರಮ್ಮಿನ ಸುತ್ತ ಒಂದು ಸುತ್ತು ಹಾಕಿದರು. ಕಾವು ಆರದಂತೆ ಡ್ರಮ್ಮಿಗೆ ಎರಡು ಕೌದಿ ಸುತ್ತಿತ್ತು. ಬಾಣಂತಿಯ ಹಾಗೆ ಬೆಚ್ಚಗೆ ಕೂತಿತ್ತು.

"ಬಾಯಾರ, ನನಗ ಸಾಲಿ ಹುಡುಗಗ ಹೇಳಿದಂಗ ಹೇಳ್ರಿ. ಕಟಗಿಯೊಳಗ ಸಕ್ಕರಿ ಎಲ್ಲಿಂದ ಬಂತು?"

ಡಾಕ್ಟರಿಗೆ ಮನಸ್ಸಿರಲಿಲ್ಲ. ಆದರೆ ತಮ್ಮ ವಿಷಯ ಕೇಳುವವರು ಸಿಕ್ಕರೆ ಯಾರ ಬಾಯಿ ಸುಮ್ಮನಿರುತ್ತದೆ?

"ಕಟಗಿ ಅಂದ್ರನ ಸಕ್ಕರಿ ರೀ. ಸಣ್ಣ ಸಣ್ಣ ಸಕ್ಕರಿ ಕೊಂಡಿ ಒಂದಕ್ಕೊಂದು ಸಿಕ್ಕೊಂಡು ಉದ್ದನ ಸರಪಳಿ ಆಗಿರತೈತಿ. ಅದರ ಸುತ್ತಲೂ ಸಿಮೆಂಟಿನಂಥಾ ಒಂದು ಅಂಟು. ಅದಕ್ಕ ನಾವು ನೀಲಗಿರಿ ಚಕ್ಕಿ, ಸಾ ಮಿಲ್ಲಿನ ಹೊಟ್ಟು ತಂದು ಸುಣ್ಣದ ನೀರಾಗ ವಾರಗಟ್ಟಲೆ ನೆನೀ ಹಾಕ್ತೀವಿ. ಸುಣ್ಣ ಆ ಅಂಟನ್ನ ಸಡಲ ಮಾಡತೈತಿ."

"ಆಮ್ಯಾಲ?"

"ಸುಣ್ಣ ಪೂರಾ ಹೋಗೂತನಕ ಫಕೀರವ್ವ ತೊಳೀತಾಳ. ನಾನು ಸ್ವಲ್ಪ ಹುಳಿ ಮಾಡತೀನಿ. ಕೈ ತಾಳುವಷ್ಟು ಬಿಸಿ ನೀರು ಹಾಕಿ, ಕಿಣ್ವ ಸುರೀತೀವಿ. ಇವರೆಲ್ಲ ಅದನ್ನ ಹೆಪ್ಪು ಅಂತಾರ. ಗೋಧಿ ತವುಡಿನ ಮ್ಯಾಲ ಹಸರು ಬೂಷ್ಟು ಬೆಳಸಿ, ನೀರಾಗ ಕದಡಿ, ಸೋಸಿ ತಗದದ್ದು. ಅದು ಕತ್ತರಿ ಇದ್ದಂಗ. ಸರಪಳೀನ ಕೊಂಡಿ ಕೊಂಡಿ ಕತ್ತರಸ್ತೈತಿ. ಮುಂಜಾನಿ ನೋಡಿದ್ರ ನೀರು ಸಿಹಿ!"

ಹೊಳೆಯಪ್ಪನವರ ಕಣ್ಣು ಅರಳಿತು. "ಅಯ್ಯ ಶಿವನ! ಹಂಗಾದ್ರ ನಾ ಇಷ್ಟು ದಿನ ಒಲಿಗೆ ಸಕ್ಕರಿ ಹಾಕಿ ಸುಡಾಕತ್ತಿದ್ದೆ ಅಂದಂಗಾತು!" ಡಾಕ್ಟರ ತುಟಿಯಂಚಿನಲ್ಲಿ ಆ ಬೆಳಿಗ್ಗೆ ಮೊದಲ ಸಲ ನಗು ಮೂಡಿತು. "ಈ ಕತ್ತರಿ ಮೊಂಡ ಆಗೂದು ಯಾತಕ್ಕ?"

"ಎರಡಕ್ಕ. ಒಂದು ಸುಣ್ಣದ ಖಾರ. ಇನ್ನೊಂದು ಕುದಿಯೂ ಬಿಸಿ. ಕುದ್ರ ಒಡದ ಹಾಲಿನಂಗ ಗಂಟು ಗಂಟಾಗತೈತಿ. ಮುಗೀತು."

"ಡ್ರಮ್ಮಿನ್ಯಾಗ ಸುಣ್ಣ ಐತೇನು?"

"ಇಲ್ರಿ. ನೋಡೀನಿ, ಹುಳಿ ಸರಿ ಐತಿ. ಕೆಟ್ಟಿದ್ರ ಕ್ಯಾನಿನ್ಯಾಗ ಹೆಪ್ಪ ಕೆಟ್ಟಿರಬೇಕು."

"ಈರಬಸಪ್ಪ, ನಿನ್ನಿ ಹೆಪ್ಪು ಹಾಕಿದ್ದು ಯಾರು?"

"ನಾನ ರೀ. ಮೇಡಂ ಸಂಜಿ ಬಸ್ಸಿಗೆ ಧಾರವಾಡಕ್ಕ ಹೋದ್ರು. ಹೊತ್ತು ಮುಳುಗಿತು, ಕರೆಂಟ್ ಹೋತು. ಕಂದೀಲು ಹಚ್ಚಿ, ಹೆಪ್ಪು ಜರಡಿಯೊಳಗ ಸೋಸಿ ಡ್ರಮ್ಮಿಗೆ ಹಾಕಿದೆ. ಕೌದಿ ಸುತ್ತಿ, ಕೀಲಿ ಹಾಕಿ ಮನೀಗೆ ಹೋದೆ."

"ನಡುವ ಎಲ್ಲೂ ಹೋಗಿಲ್ಲ?"

"ಇಲ್ರಿ."

"ಕೀಲಿ ಕೈ ಎಷ್ಟು?"

"ಎರಡು. ಮೇಡಂ ಹಂತ್ಯಾಕ ಒಂದು, ನನ್ನ ಹಂತ್ಯಾಕ ಒಂದು."

ಹೊಳೆಯಪ್ಪನವರು ತಲೆಯಾಡಿಸಿ ಮೂಲೆಯ ಸೀಮೆಎಣ್ಣೆ ಸ್ಟವ್ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಗೋದಾಮಿನಲ್ಲಿ ಇದ್ದ ಒಲೆಯೆಂದರೆ ಅದೊಂದೇ; ಹೊಟ್ಟು ತುಂಬಿದ ಜಾಗದಲ್ಲಿ ಕಟ್ಟಿಗೆ ಒಲೆ ಹೂಡಲು ಡಾಕ್ಟರು ಬಿಡುತ್ತಿರಲಿಲ್ಲ. ಅವರು ಮೂಗನ್ನು ಸ್ಟವ್ವಿಗೆ ತಾಗುವಷ್ಟು ಬಗ್ಗಿಸಿದರು. ಒಮ್ಮೆ ಮೂಸಿದರು. ಮತ್ತೊಮ್ಮೆ.

"ಇದರ ಮ್ಯಾಲ ಏನೇನ ಕಾಸ್ತೀರಿ?"

"ಡ್ರಮ್ಮಿಗೆ ನೀರು. ನಮಗ ಚಹಾ," ಎಂದರು ಡಾಕ್ಟರು.

"ನಿನ್ನಿ ಚಹಾ ಉಕ್ಕಿತ್ತು," ಎಂದು ಈರಬಸಪ್ಪ ತಾನಾಗಿಯೇ ಸೇರಿಸಿದ. ಯಾರೂ ಕೇಳಿರಲಿಲ್ಲ.

ಗೋಡೆಯ ಮೊಳೆಗೆ ಸೋಸುವ ಜರಡಿ ತೂಗುಬಿದ್ದಿತ್ತು. ಹೊಳೆಯಪ್ಪನವರು ಅದನ್ನು ಇಳಿಸಿ ಬೆಳಕಿಗೆ ಹಿಡಿದರು. ತಳದಲ್ಲಿ ಒಣಗಿದ ತವುಡಿನ ತೆಳು ಪದರ. ಅದರ ನಡುವೆ ಕಡಲೆಕಾಳಿನಷ್ಟು ಒಂದು ಕರಿ ಚೂರು.

"ಸುಟ್ಟ ಕಟ್ಟಿಗೆ ಚಕ್ಕೆ ಇರಬೇಕು," ಎಂದೆ ನಾನು, ವಿಜ್ಞಾನದ ಮಾಸ್ತರನ ಗತ್ತಿನಲ್ಲಿ.

"ಇರಬೇಕು, ಇರಬೇಕು." ಅವರು ಚೂರನ್ನು ಖಾಲಿ ಕಡ್ಡಿಪೆಟ್ಟಿಗೆಗೆ ಹಾಕಿ ಜೇಬಿಗಿಟ್ಟುಕೊಂಡರು. "ನಿನ್ನಿ ಇಲ್ಲಿಗೆ ಮತ್ಯಾರು ಬಂದಿದ್ರು?"

"ಮೀರಾಸಾಬ ಬಂದಿದ್ದ," ಎಂದ ಈರಬಸಪ್ಪ ಚುರುಕಾಗಿ. "ಹೊಟ್ಟು ತರೂ ಟೆಂಪೋದಾಂವ. ಹೊಟ್ಟಿನ್ಯಾಗ ಡೀಸೆಲ್ ವಾಸನಿ ಐತಿ ಅಂತ ಮೇಡಂ ವಾಪಸ್ ಕಳಿಸಿದ್ರು. ಸಿಟ್ಟಿಲೆ ಹೋದ."

ನಾವು ರಸ್ತೆಗಿಳಿದು ಸ್ವಲ್ಪ ದೂರದಲ್ಲೇ ಮೀರಾಸಾಬ ಸಿಕ್ಕ. ಚಹಾದಂಗಡಿ ಮುಂದೆ ಟೆಂಪೋ ನಿಲ್ಲಿಸಿ, ಬಾನೆಟ್ಟಿನೊಳಗೆ ತಲೆ ಹಾಕಿದ್ದ.

"ಸಿಟ್ಟು ಬಂದಿತ್ತಲ್ಲೋ ನಿನಗ?" ಎಂದರು ಹೊಳೆಯಪ್ಪನವರು ಪೀಠಿಕೆ ಇಲ್ಲದೆ.

"ಬರೂದಿಲ್ಲೇನ್ರಿ ಸಾಹೇಬ್ರ? ಅಳ್ನಾವರದಿಂದ ಹೇರಕೊಂಡು ಬಂದು ಹಂಗ ಒಯ್ಯಿ ಅಂದ್ರ?" ಅವನು ಕೈ ಒರೆಸಿಕೊಂಡ. "ಆದ್ರ ತಪ್ಪು ನಂದ. ಡೀಸೆಲ್ ಡಬ್ಬಿ ಹೊಟ್ಟಿನ ಮ್ಯಾಲ ಇಟ್ಟಿದ್ದೆ. ಇವತ್ತ ಬ್ಯಾರೆ ಹೊಟ್ಟು ತಂದೀನಿ, ಗಾಡಿ ಕೈ ಕೊಟ್ಟೈತಿ. ಸಂಜಿಗೆ ಮುಟ್ಟಸ್ತೀನಿ."

"ನಿನ್ನಿ ಎಷ್ಟೊತ್ತಿಗೆ ಹೊಂಟಿ?"

"ಹೊತ್ತು ಇನ್ನೂ ಮ್ಯಾಲ ಇತ್ರಿ. ಫಕೀರವ್ವಕ್ಕನೂ ಗಾಡಿ ಹತ್ತಿದ್ಲು. ಅಕಿ ಮನಿ ಮುಂದ ಇಳಿಸಿದೆ, ಕಟ್ಟಿ ಮ್ಯಾಲ ಕೂಡಿಸಿ ನೀರು ಕೊಟ್ಲು. ಅಲ್ಲಿದ್ದ ಮಂದೀನ ಕೇಳ್ರಿ ಬೇಕಾದ್ರ."

ಕೇಳಿದೆವು. ಹೌದು. ಬಿಸಿಲು ಇದ್ದಾಗಲೇ ಇಬ್ಬರೂ ಬಂದಿದ್ದರು. ಅಷ್ಟೇ ಅಲ್ಲ, ಸುದ್ದಿಯೂ ನಮಗಿಂತ ಮೊದಲು ಬಂದಿತ್ತು. ಫಕೀರವ್ವ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ಕೆಂಪಾಗಿತ್ತು.

"ನಮ್ಮ ಓಣಿ ಬಸಕ್ಕ ಹೇಳಿ ಕಳಿಸ್ಯಾಳ್ರಿ, ಮಾಸ್ತರ. ತನ್ನ ಮಗಳ ಮದವಿ ಶಾವಿಗಿ ಹೊಸಿಯಾಕ ನಾ ಬರೂದು ಬ್ಯಾಡಂತ. 'ಸದ್ಯಕ್ಕ ಬ್ಯಾಡ' ಅಂದ್ಲಂತ." ಅವಳು ತನ್ನ ಎರಡೂ ಅಂಗೈ ಮುಂದೆ ಚಾಚಿದಳು. ಸುಣ್ಣದಿಂದ ಬಿರಿದ ಅಂಗೈ. "ಕೂಲಿ ಹೋದ್ರ ಹೋಗಲಿ, ಇನ್ನೊಂದು ಕಡೆ ದುಡದೇನು. ಈ ಕೈಗೆ ಕೆಟ್ಟ ಹೆಸರು ಬಂದ್ರ ಅದನ್ನ ಎಲ್ಲಿ ತೊಳಕೊಳ್ಳಲಿ?"

ಹೊಳೆಯಪ್ಪನವರು ಕಡ್ಡಿಪೆಟ್ಟಿಗೆ ತೆಗೆದು ಆ ಕರಿ ಚೂರನ್ನು ಅವಳ ಅಂಗೈ ಮೇಲಿಟ್ಟರು.

"ಇದೇನು ಫಕೀರವ್ವ?"

"ಇದ್ದಲಿ ರೀ. ಜಾಲಿ ಇದ್ದಲಿ."

"ಕ್ಯಾನು ತೊಳದಾಗ ಇದು ಒಳಗಿತ್ತೇನು?"

"ಹೆಂಗ ಇದ್ದೀತ್ರಿ? ಡಬ್ಬ ಹಾಕೀನಲ್ಲ!"

"ನಿನ್ನ ಮಾತು ಸಾಕು. ಸಂಜಿಗೆ ಗೋದಾಮಿಗೆ ಬಾ. ಬರಲೇಬೇಕು."

ದಾರಿಯಲ್ಲಿ ನಾನು ತಡೆಯಲಾರದೆ ಕೇಳಿದೆ. "ಇದ್ದಲಿ ಬಿದ್ದರೆ ಕಿಣ್ವ ಸಾಯುತ್ತದೆಯೇ, ಸಾಹೇಬ್ರೆ?"

"ನೀವ ಹೇಳ್ರಿ, ನೀವ ವಿಜ್ಞಾನದ ಮಾಸ್ತರು."

"ಇಷ್ಟು ಚೂರಿಗೆ ಏನೂ ಆಗುವುದಿಲ್ಲ."

"ಹಂಗಾದ್ರ ಇದ್ದಲಿ ಕಳ್ಳ ಅಲ್ಲ, ಸಾಕ್ಷಿ." ಮುಂದೆ ಒಂದು ಮಾತೂ ಇಲ್ಲ. ಈ ಮನುಷ್ಯನ ಜೊತೆ ತಿರುಗುವುದೆಂದರೆ ಒರಳಲ್ಲಿ ತಲೆ ಕೊಟ್ಟಂತೆ.

ಹೊತ್ತು ಮುಳುಗಿದ ಮೇಲೆ ಅವರು ನನ್ನನ್ನು ಕರೆದುಕೊಂಡು ಹೋದದ್ದು ಈರಬಸಪ್ಪನ ಮನೆಗೆ. ಈರಬಸಪ್ಪ ಇನ್ನೂ ಗೋದಾಮಿನಲ್ಲೇ ಇದ್ದ. ಅವನ ತಾಯಿ ರೇವವ್ವ, ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯ ಹೆಂಗಸು, ಬಾಗಿಲಿಗೆ ದೀಪ ಇಟ್ಟು ನಿಂತಿದ್ದಳು.

"ಯವ್ವಾ, ಹೊಟ್ಟಿ ಕೆಟ್ಟೈತಿ. ಒಂದು ತಂಬಿಗಿ ಮಜ್ಜಿಗಿ ಕೊಟ್ರ ಒಯ್ದು ಕುಡೀತೀನಿ."

"ಅದಕ್ಕೇನ್ರಿ, ಬರ್ರಿ ಒಳಗ."

ನಾನು ಅಂಗಳದಲ್ಲಿ ನಿಂತೆ. ಎಮ್ಮೆ ಬಾನಿಯಲ್ಲಿ ಬಾಯಿ ಹಾಕಿ ನೆನೆಸಿದ ತವುಡನ್ನು ಚಪ್ಪರಿಸುತ್ತಿತ್ತು. ಹೊಳೆಯಪ್ಪನವರು ಸ್ವಲ್ಪ ಹೊತ್ತಿಗೆ ಹೊರಗೆ ಬಂದರು, ಕೈಯಲ್ಲಿ ಮುಚ್ಚಿದ ತಂಬಿಗೆ. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ನಿಟ್ಟುಸಿರು ಬಿಟ್ಟರು.

"ಏನು ಕೇಳಿದಿರಿ?"

"ಮಜ್ಜಿಗಿ ಕೇಳಿದೆ. ಮತ್ತೇನೂ ಕೇಳಲಿಲ್ಲ. ತಾಯಿ ಬಾಯಿಂದ ಮಗನ ಮ್ಯಾಲ ಸಾಕ್ಷಿ ಹೇಳಸಬಾರದು, ಮಾಸ್ತರ್."

ಗೋದಾಮಿನಲ್ಲಿ ಎಲ್ಲರೂ ಸೇರಿದ್ದರು. ಡಾಕ್ಟರು ಸ್ಟೂಲಿನ ಮೇಲೆ. ಹೊಸ ಹೊಟ್ಟು ಇಳಿಸಿ ಬಂದ ಮೀರಾಸಾಬ ಬಾಗಿಲಲ್ಲಿ. ಫಕೀರವ್ವ ಒಳಗೆ ಕಾಲಿಡದೆ ಹೊಸ್ತಿಲ ಆಚೆ. ಈರಬಸಪ್ಪ ಡ್ರಮ್ಮಿಗೆ ಒರಗಿ ನಿಂತಿದ್ದ.

"ಈರಬಸಪ್ಪ, ಆ ಜರಡಿಯೊಳಗ ಈ ಮಜ್ಜಿಗಿ ಸೋಸಪಾ."

ಅವನು ಗಲಿಬಿಲಿಯಿಂದ ಜರಡಿ ಹಿಡಿದು ಸುರಿದ. ಬಿಳಿ ಮಜ್ಜಿಗೆ ಪಾತ್ರೆಗೆ ಇಳಿಯಿತು. ಜರಡಿಯಲ್ಲಿ ಒಂದು ಕರಿ ಚೂರು ಉಳಿಯಿತು.

"ಇದ್ದಲಿ!" ಎಂದೆ ನಾನು.

ಹೊಳೆಯಪ್ಪನವರು ಬೆಳಗಿನ ಚೂರನ್ನು ಅದರ ಪಕ್ಕಕ್ಕೆ ಇಟ್ಟರು. ಎರಡೂ ಒಂದೇ ಜಾತಿ.

"ಫಕೀರವ್ವ, ಮಜ್ಜಿಗಿಯೊಳಗ ಇದ್ದಲಿ ಯಾಕ ಬಂತು?"

"ಹೊತ್ತು ಮುಳುಗಿದ ಮ್ಯಾಲ ಹಾಲು, ಮಜ್ಜಿಗಿ, ಹೆಪ್ಪು ಹಂಗ ಹೊರಗ ಕಳಸೂದಿಲ್ರಿ. ದಾರಿಯೊಳಗ ದೃಷ್ಟಿ ಹತ್ತಬಾರದಂತ ಒಂದು ಇದ್ದಲಿ ಚೂರು ಹಾಕ್ತೀವಿ. ಎಲ್ಲಾರ ಮನ್ಯಾಗೂ ಹಾಕ್ತಾರ."

"ಹೌದಲ್ಲ? ಈಗ ಕೇಳ್ರಿ ಬಾಯಾರ. ಈ ಗೋದಾಮಿನ್ಯಾಗ ಕಟಗಿ ಒಲಿ ಇಲ್ಲ. ಇದ್ದಲಿ ಹುಟ್ಟೂ ಜಾಗ ಅಲ್ಲ ಇದು. ಆದ್ರೂ ನಿಮ್ಮ ಹೆಪ್ಪು ಸೋಸಿದ ಜರಡಿಯೊಳಗ ಇದ್ದಲಿ ಸಿಕ್ತು. ಅಂದ್ರ ಆ ಕ್ಯಾನು ಒಂದು ಮನಿ ಅಡಗಿಮನಿಗೆ ಹೋಗಿ ಬಂದೈತಿ. ಅದೂ ಹೊತ್ತು ಮುಳುಗಿದ ಮ್ಯಾಲ. ಬಿಸಲಾಗ ಯಾರೂ ಇದ್ದಲಿ ಹಾಕೂದಿಲ್ಲ. ಆ ಹೊತ್ತಿಗೆ ಮೀರಾಸಾಬ ಇಲ್ಲ, ಫಕೀರವ್ವ ಇಲ್ಲ, ನೀವು ಧಾರವಾಡದಾಗ. ಕೀಲಿ ಕೈ ಇದ್ದಾಂವ ಒಬ್ಬನ."

ಈರಬಸಪ್ಪ ಡ್ರಮ್ಮು ಬಿಟ್ಟು ನೆಟ್ಟಗೆ ನಿಂತ. "ನಾ ಅಂಥಾ ಮೂಢನಂಬಿಕೆ ಎಲ್ಲಾ ನಂಬೂದಿಲ್ರಿ! ನಾ ಯಾಕ ಇದ್ದಲಿ ಹಾಕಲಿ?"

"ನೀ ಹಾಕಿಲ್ಲ. ನೀ ನಂಬಾಂವ ಆಗಿದ್ರ, ಸೋಸಿದ ಮ್ಯಾಲ ಇದ್ದಲಿ ನೆನಪಿಟ್ಟು ಒಗದು ಬಿಡತಿದ್ದಿ. ಒಳಗ ಐತಿ ಅಂತ ನಿನಗ ಗೊತ್ತ ಇರಲಿಲ್ಲ. ಹಾಕಿದ ಕೈ ಬ್ಯಾರೆ. ಮಗ ಕತ್ತಲಾಗ ಹೆಪ್ಪು ಹೊತ್ತು ಹೊಂಟಾನ, ಏನೂ ಆಗದಿರಲಿ ಅಂತ ಹಾಕಿದ ಕೈ." ಅವರ ದನಿ ಮೆತ್ತಗಾಯಿತು. "ಆ ಸ್ಟವ್ವಿನ ಮ್ಯಾಲ ಉಕ್ಕಿದ್ದು ಚಹಾ ಅಲ್ಲಪಾ. ಚಹಾ ಸುಟ್ಟ ವಾಸನಿ ಬ್ಯಾರೆ, ತವುಡು ಸುಟ್ಟ ವಾಸನಿ ಬ್ಯಾರೆ. ಮಜ್ಜಿಗಿ ನಿಮ್ಮ ಮನೀದು. ಇನ್ನ ನೀನ ಹೇಳು."

ಈರಬಸಪ್ಪ ಅಂಗಿಯ ತುದಿ ಹಿಡಿದು ತಿರುಚುತ್ತಿದ್ದ.

"ಥಂಡಿ ಇತ್ರಿ," ಎಂದ ಕೊನೆಗೆ. "ಹೆಪ್ಪು ಸ್ವಲ್ಪ ಬೆಚ್ಚಗ ಮಾಡಿದ್ರ ಲಗೂ ಕೆಲಸ ಮಾಡತೈತಿ ಅಂತ ಸ್ಟವ್ ಮ್ಯಾಲ ಇಟ್ಟೆ. ದಿಲ್ಲಿಯವರ ಮುಂದ ನನಗ ಇಂಗ್ಲಿಷಿನ್ಯಾಗ ನಾಕು ಮಾತು ಹೇಳು ಅಂದಿದ್ರಲ್ರಿ ಮೇಡಂ… ಹೊರಗ ಅಡ್ಡಾಡಕೋತ ಅದನ್ನ ಬಾಯಿಪಾಠ ಮಾಡಾಕತ್ತಿದ್ದೆ. ಒಳಗ ಬಂದು ನೋಡಿದ್ರ ಕುದ್ದು ಒಡದಿತ್ತು. ಇದ್ದ ಇನ್ನೊಂದು ಬೂಷ್ಟಿನ ತಾಟು ನಿಮ್ಮ ಕಪಾಟಿನ್ಯಾಗ, ಕೀಲಿ ನಿಮ್ಮ ಕಡೆ. ಹೆದರಿಕಿ ಆತು. ಕುದ್ದದ್ದನ್ನ ಗಟಾರಕ್ಕ ಚೆಲ್ಲಿ, ಮನೀಗೆ ಹೋಗಿ, ಎಮ್ಮಿ ಸಲುವಾಗಿ ನೆನಸಿದ್ದ ತವುಡಿನ ನೀರು ಸೋಸಿ ತುಂಬಿದೆ. ಬಣ್ಣ ಒಂದ ಥರ ಇತ್ತು. ಮುಚ್ಚಳ ಹಾಕಿದ್ದು ನಮ್ಮವ್ವ."

ಡಾಕ್ಟರ್ ಕಸ್ತೂರಿ ಎದ್ದು ನಿಂತರು. "ಕುದ್ದಿದ್ದು ತಪ್ಪಲ್ಲೋ! ನನ್ನ ಕೈಯಾಗೂ ಎಷ್ಟು ಸಲ ಕುದ್ದೈತಿ. ಮುಂಜಾನಿ ಬಂದ ಕೂಡಲೆ ಹೇಳಿದ್ರ ಮುಗೀತಿತ್ತು."

"ಮೊಸರು ತಿಂದ ಕೋತಿ ಮೇಕಿ ಬಾಯಿಗೆ ಒರಸಿತು," ಎಂದರು ಹೊಳೆಯಪ್ಪನವರು. "ಹೆಪ್ಪು ಕೆಟ್ಟದ್ದು ಅಪರಾಧ ಅಲ್ಲ. ಅಕಿ ಕೈ ಕೆಡಸಿದ್ದು ಅಪರಾಧ. ನಿಮ್ಮವ್ವಗ ನಾ ಏನೂ ಹೇಳಿಲ್ಲ. ಇವತ್ತ ಮನೀಗೆ ಹೋಗಿ ನೀನ ಹೇಳು."

ಡಾಕ್ಟರು ಕಪಾಟು ತೆರೆದರು. ಹಸಿರು ಬೂಷ್ಟು ಹೊದ್ದ ತವುಡಿನ ತಾಟು ಹಾಗೇ ಇತ್ತು. ನೀರಲ್ಲಿ ಕದಡಿದರು, ಸೋಸಿದರು. ಡ್ರಮ್ಮಿಗೆ ಮತ್ತೆ ಬಿಸಿನೀರು ಬಿತ್ತು. ಕ್ಯಾನು ತುಂಬಿದ ಮೇಲೆ ಅದನ್ನು ಫಕೀರವ್ವನ ಕಡೆ ಚಾಚಿದರು.

"ನೀ ಹಾಕು."

"ನನ್ನ ಕೈ ಬ್ಯಾಡ್ರಿ ಬಾಯಾರ." ಅವಳು ಹಿಂದೆ ಸರಿದಳು. "ನಾಳೆ ಕೆಟ್ರ ಮತ್ತ ನನ್ನ ಹೆಸರ ಬರತೈತಿ."

"ಕೆಟ್ರ ನನ್ನ ಹೆಸರು. ಮುಂಜಾನಿ ನಿನ್ನ ಮಾತು ಕೇಳದ ಕಳಿಸಿದೆ. ತಪ್ಪಾತು. ಬಾ."

ಫಕೀರವ್ವ ಹೊಸ್ತಿಲು ದಾಟಿದಳು. ಕ್ಯಾನು ಹಿಡಿದು, ಕಣ್ಣು ಮುಚ್ಚಿ ಏನೋ ಅಂದುಕೊಂಡು, ನಿಧಾನವಾಗಿ ಸುರಿದಳು. ಕೌದಿಯನ್ನು ತಾನೇ ಸುತ್ತಿದಳು.

ಮರುದಿನ ಬೆಳಿಗ್ಗೆ ನಾನು ಹೊಳೆಯಪ್ಪನವರಿಗಿಂತ ಮೊದಲು ಗೋದಾಮಿನಲ್ಲಿದ್ದೆ. ಡಾಕ್ಟರು ನಳಿಕೆಯನ್ನು ದೀಪದ ಮೇಲೆ ಹಿಡಿದರು. ನೀಲಿ… ನೀಲಿ… ಅಂಚಿನಲ್ಲಿ ಹಸಿರು ಕಾಣಿಸಿತು. ನೋಡುನೋಡುತ್ತಿದ್ದಂತೆ ಹಳದಿಯಾಯಿತು, ಕೆಂಪಾಯಿತು. ಇಟ್ಟಿಗೆ ಕೆಂಪು! ನಾನು ಚಪ್ಪಾಳೆ ತಟ್ಟಿಬಿಟ್ಟೆ. ಹೊಳೆಯಪ್ಪನವರು ಡ್ರಮ್ಮಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, "ಸಿಹಿ ಐತಿ, ಆದ್ರ ನೀಲಗಿರಿ ಬಿಟ್ಟು ಬೆಲ್ಲದ ಹಂತ್ಯಾಕ ಇನ್ನೂ ಹೋಗಬೇಕು," ಎಂದು ಮುಖ ಕಿವುಚಿದರು. ಡಾಕ್ಟರು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಆಗ ಬಾಗಿಲಲ್ಲಿ ನೆರಳು ಬಿತ್ತು. ರೇವವ್ವ. ಕೈಯಲ್ಲಿ ಆಗ ತಾನೇ ಕಾಸಿದ ಹಾಲಿನ ತಂಬಿಗೆ. ಅವಳ ಹಿಂದೆ ಈರಬಸಪ್ಪ, ನೆಲ ನೋಡುತ್ತ.

ಅವಳು ಡಾಕ್ಟರ ಕಡೆ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ. ನೇರವಾಗಿ ಫಕೀರವ್ವನ ಮುಂದೆ ಬಂದು ನಿಂತಳು.

"ಬಸಕ್ಕನ ಮನೀಗೆ ಹೋಗಿ ಬಂದೆ. ಕೆಟ್ಟದ್ದು ಫಕೀರವ್ವನ ಕೈಯಲ್ಲ, ನನ್ನ ಮಗನ ಬಾಯಿ ಅಂತ ಅಂಗಳದಾಗ ನಿಂತು ಹೇಳೀನಿ. ನಾಕು ಮಂದಿ ಕೇಳ್ಯಾರ." ಅವಳು ತಂಬಿಗೆಯನ್ನು ಮುಂದೆ ಚಾಚಿದಳು. "ಇವತ್ತಿನ ಹಾಲಿಗೆ ನೀ ಹೆಪ್ಪು ಹಾಕಿ ಕೊಡವಾ. ನೀ ಹಾಕಿದ್ದನ್ನ ನಮ್ಮ ಮನ್ಯಾಗ ಉಣ್ತೀವಿ."

ಫಕೀರವ್ವ ಒಂದು ಗಳಿಗೆ ತನ್ನ ಬಿರಿದ ಅಂಗೈಗಳನ್ನು ನೋಡಿಕೊಂಡಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ತಂಬಿಗೆ ಇಸಿದುಕೊಂಡಳು.